ಮೀನಿನ ಬಾಲ ನೋಡಿದ ಮೇಷ್ಟ್ರು

ಹಿಮಿ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಕಾಮಾಡಾ ಇಕುಓ ಮೇಷ್ಟ್ರ ಕೈಲಿ ಬೈಸಿಕೊಂಡೇ ಸ್ಟೀರಿಂಗ್ ಹಿಡಿದವರು. ಕಡಲ ದಂಡೆಯ ಆ ಊರಿನ ಡ್ರೈವಿಂಗ್ ಶಾಲೆಗೆ ಅವರು ತಲೆ ಕಪ್ಪಗಿದ್ದಾಗ ಸೇರಿದರು, ಬೆಳ್ಳಗಾದ ಮೇಲೆ ಹೊರಬಂದರು. ನಡುವಿನ ಆಯುಷ್ಯವೆಲ್ಲ ಪಕ್ಕದ ಸೀಟಿನಲ್ಲಿ ಕೂತು, ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ಬೇರೆಯವರ ತಪ್ಪನ್ನು ತಡೆಯುವುದರಲ್ಲೇ ಕಳೆಯಿತು. ಬಲೆ ಎಳೆಯುವ ಹುಡುಗರು, ಮದುವೆ ಗೊತ್ತಾದ ಹುಡುಗಿಯರು, ಬುದ್ಧನ ಗುಡಿಯ ಸನ್ಯಾಸಿ ಎಲ್ಲರೂ ಅವರ ಎಡಗಡೆ ಬೆವರಿದವರೇ, ಅಲ್ಲಲ್ಲ, ಬಲಗಡೆ. ಎಡ ಬಲ ತಪ್ಪಿದರೆ ಮೇಷ್ಟ್ರು ಬಿಡುತ್ತಿರಲಿಲ್ಲ.

ಅವರ ಹೆಸರುವಾಸಿ ಪಾಠ ಒಂದಿತ್ತು. ಅಪಘಾತವಾದ ಮೇಲೆ ಗಾಡಿ ಓಡಿಸುವವನು ಏನು ಮಾಡಬೇಕು ಎಂಬ ಪಾಠ. ಮಧ್ಯಾಹ್ನದ ಊಟ ಮುಗಿಸಿ ಬಂದ ಶಿಷ್ಯರು ತೂಕಡಿಸುತ್ತಿದ್ದರೆ ಮೇಷ್ಟ್ರು ಮೇಜು ಗುದ್ದಿ ಎಬ್ಬಿಸುತ್ತಿದ್ದರು.

"ಗಾಡಿ ನಿಲ್ಸಿ. ಬಿದ್ದೋರನ್ನ ನೋಡಿ. ಹಿಂದಿನ ಗಾಡಿ ಬಂದು ಗುದ್ದದ ಹಾಗೆ ದಾರಿ ಕಾಯಿರಿ. ಆಂಬುಲೆನ್ಸ್ ಕರೀರಿ, ಪೊಲೀಸರಿಗೆ ಹೇಳಿ. ಇಷ್ಟನ್ನ ಕೋತಿಗೂ ಕಲಿಸಬಹುದು. ಕಷ್ಟ ಇರೋದು ಎಲ್ಲಿ ಗೊತ್ತಾ? ಬಿದ್ದ ಮನುಷ್ಯ ಎದ್ದು ನಿಂತು, ಬಟ್ಟೆ ಕೊಡವಿಕೊಂಡು, ನಿಮಗೇ ಬಗ್ಗಿ ನಮಸ್ಕಾರ ಮಾಡಿ 'ಪರವಾಗಿಲ್ಲ, ಪರವಾಗಿಲ್ಲ' ಅಂತಾನಲ್ಲ, ಅಲ್ಲಿ! ನಮ್ಮ ಜನ ಸಾಯ್ತಾ ಇದ್ರೂ ಪರವಾಗಿಲ್ಲ ಅಂತಾರೆ. ಆ ಮಾತು ನಂಬಿ ಹೊರಟ್ರೋ, ಕಾನೂನಿನ ಕಣ್ಣಿಗೆ ನೀವು ಗುದ್ದಿ ಓಡಿಹೋದೋರು. ತಿಳೀತಾ?"

ಹೀಗಾಗಿ ಅವರಿಗೆ 'ಪರವಾಗಿಲ್ಲ ಮೇಷ್ಟ್ರು' ಎಂಬ ಹೆಸರು ಅಂಟಿತು. ಹೆಂಡದಂಗಡಿಯಲ್ಲಿ ಯಾರಾದರೂ ಬಟ್ಟಲು ಉರುಳಿಸಿದರೆ ಸಾಕು, ಇನ್ನೊಬ್ಬ ಬೆರಳೆತ್ತಿ "ಪರವಾಗಿಲ್ಲ ಅಂದ್ರೆ ನಂಬಬೇಡಿ, ಪೊಲೀಸರನ್ನ ಕರೀರಿ!" ಎಂದು ಮೇಷ್ಟ್ರ ದನಿಯಲ್ಲೇ ಅಣಕಿಸುತ್ತಿದ್ದ. ಮೇಷ್ಟ್ರಿಗೆ ಒಳಗೊಳಗೇ ಖುಷಿ. ನಿವೃತ್ತರಾದ ಮೇಲೂ ಬೆಳಗಿನ ಪತ್ರಿಕೆಯಲ್ಲಿ ಗುದ್ದಿ ಪರಾರಿಯಾದವರ ಸುದ್ದಿ ಬಂದರೆ ಹೆಂಡತಿ ಸಾಚಿಯೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

"ನೋಡೇ ಇವನನ್ನ! ಇವನಿಗೆ ಪಾಠ ಹೇಳಿದೋನು ಯಾರೋ!"

"ನೀವಲ್ಲ ತಾನೆ? ಸಾರು ಆರಿ ಹೋಗತ್ತೆ, ಕುಡೀರಿ" ಎನ್ನುತ್ತಿದ್ದಳು ಸಾಚಿಯೆ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ಇಂಥವರಿಗಾಗಿಯೇ ಯಾವುದೋ ಸಂದಿಯಲ್ಲಿ ಕಾದು ಕೂತಿರುತ್ತದೆ. ಮೇಷ್ಟ್ರಿಗಾಗಿ ಅದು ಕಾದಿದ್ದದ್ದು ಮೀನು ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ.

ಆ ವರ್ಷ ಮಗಳು ಚಿನಾತ್ಸುವಿನ ಮದುವೆಯಾಗಿತ್ತು. ಬೀಗರು ತಕಾಓಕಾ ಪಟ್ಟಣದವರು, ನಯ ನಾಜೂಕಿನ ಮಂದಿ. ಹೆಣ್ಣು ಕೊಟ್ಟ ಮೊದಲ ವರ್ಷದ ಕೊನೆಗೆ ಬೀಗರ ಮನೆಗೆ ಇಡೀ ಬುರಿ ಮೀನು ಒಯ್ದು ಕೊಡಬೇಕು, ಅದು ಆ ಸೀಮೆಯ ಪದ್ಧತಿ. ಬೀಗರು ಅದನ್ನು ಸೀಳಿ ಅರ್ಧ ಭಾಗವನ್ನು ಹೆಣ್ಣಿನ ತವರಿಗೇ ತಿರುಗಿ ಕಳಿಸುತ್ತಾರೆ. ಮೀನು ದೊಡ್ಡದಿರಬೇಕು, ಕಣ್ಣು ಹೊಳೆಯಬೇಕು, ರೆಕ್ಕೆ ಬಾಲ ಒಂದೂ ಮುಕ್ಕಾಗಬಾರದು. ಹೆಣ್ಣಿನ ಕಡೆಯವರ ಯೋಗ್ಯತೆಯನ್ನು ಜನ ಆ ಬಾಲದಲ್ಲಿ ಅಳೆಯುತ್ತಾರೆ.

ಡಿಸೆಂಬರಿನ ಗುಡುಗು ಎರಡು ದಿನ ಕಡಲನ್ನು ಕಲಕಿತ್ತು. ಗುಡುಗಿದರೆ ಬುರಿ ಬರುತ್ತದೆ ಎಂಬುದು ಊರಿನ ನಂಬಿಕೆ, ಬಂದೂ ಬಂತು. ಮೇಷ್ಟ್ರು ಟೈ ಕಟ್ಟಿಕೊಂಡು ಮಾರುಕಟ್ಟೆಗೆ ಹೋಗಿ, ಮಗುವಿನಷ್ಟು ತೂಗುವ ಮೀನೊಂದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಲಗಿಸಿ, ತಮ್ಮ ಪುಟ್ಟ ಕಾರಿನ ಹಿಂದಿನ ಸೀಟಿನಲ್ಲಿ ಇರಿಸಿದರು. ಮಧ್ಯಾಹ್ನದ ಊಟಕ್ಕೆ ಮೊದಲೇ ಬರುವುದಾಗಿ ಬೀಗರಿಗೆ ಹೇಳಿಯಾಗಿತ್ತು. ಹಿಮದ ಹನಿ ಬೆರೆತ ಮಳೆ ಜಿನುಗುತ್ತಿತ್ತು.

ಸಂದಿಯ ತಿರುವಿನಲ್ಲಿ ಹಿಂದೆ ಪೆಟ್ಟಿಗೆ ಸರಕ್ಕನೆ ಜಾರಿದ ಸದ್ದಾಯಿತು. ಬಾಲ ಮಡಚಿತೇನೋ ಎಂದು ಮೇಷ್ಟ್ರು ಒಂದು ಕ್ಷಣ ಕುತ್ತಿಗೆ ತಿರುಗಿಸಿದರು. ಮುಂದೆ ಧಡ್ ಎಂದಿತು.

ಫುಸಾಯೆ ಅಜ್ಜಿ ಬಿದ್ದಿದ್ದಳು. ಒಣಮೀನು ಮಾರುವ ಮುದುಕಿ. ಮುದುಕಿಯರು ಊರುಗೋಲಿನ ಹಾಗೆ ಹಿಡಿದು ನಡೆಯುವ ಚಿಕ್ಕ ತಳ್ಳುಗಾಡಿಯಲ್ಲೇ ಸರಕು ತುಂಬಿಕೊಂಡು ದಿನಾ ಬೆಳಗ್ಗೆ ಮಾರುಕಟ್ಟೆಯ ಮೂಲೆಯಲ್ಲಿ ಕೂರುತ್ತಿದ್ದಳು. ಗಾಡಿ ಒಂದು ಕಡೆ, ಅವಳು ಒಂದು ಕಡೆ, ಒಣಮೀನಿನ ಪೊಟ್ಟಣಗಳು ರಾಡಿಯಲ್ಲಿ. ಮೇಷ್ಟ್ರು ಕಾರಿನಿಂದ ಜಿಗಿದು ಓಡಿದರು. ಅವರು ತೋಳು ಹಿಡಿಯುವುದರೊಳಗೆ ಅಜ್ಜಿಯೇ ಗೋಡೆ ಹಿಡಿದು ಎದ್ದು ನಿಂತಿದ್ದಳು.

"ಅಯ್ಯೋ, ಅಡ್ಡ ಬಂದ್ಬಿಟ್ನಲ್ಲ! ತಪ್ಪಾಯ್ತು, ತಪ್ಪಾಯ್ತು. ಅರೆ, ಮೇಷ್ಟ್ರು!"

"ಇಲ್ಲ ಇಲ್ಲ, ತಪ್ಪು ನಂದು. ಪೆಟ್ಟಾಯ್ತಾ ಅಜ್ಜಿ?"

"ಪರವಾಗಿಲ್ಲ, ಪರವಾಗಿಲ್ಲ. ಈ ಮೂಳೆ ಏನು ಇವತ್ತೇ ಮೊದಲ ಸಲ ಬೀಳ್ತಿರೋದಾ?" ಅವಳು ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಮೇಷ್ಟ್ರೂ ಬಗ್ಗಿದರು. ಅವಳು ಇನ್ನೂ ತಗ್ಗಿ ಬಗ್ಗಿದಳು, ಅವರು ಅದಕ್ಕಿಂತ ತಗ್ಗಿದರು. ಮಳೆಯಲ್ಲಿ ಇಬ್ಬರೂ ಕುಟ್ಟುವ ಒನಕೆಗಳ ಹಾಗೆ ಏಳುತ್ತ ಬೀಳುತ್ತ ನಿಂತರು. ನಂತರ ಇಬ್ಬರೂ ಸೇರಿ ಪೊಟ್ಟಣ ಆರಿಸಿದರು.

ಅಜ್ಜಿಯ ಕಣ್ಣು ಮೇಷ್ಟ್ರ ಟೈ ಮೇಲೆ, ಆಮೇಲೆ ಹಿಂದಿನ ಸೀಟಿನ ಪೆಟ್ಟಿಗೆಯ ಮೇಲೆ ಹೋಯಿತು. "ಓಹೋ, ಬೀಗರ ಮನೆಗಾ? ಮಗಳದು ಮೊದಲ್ನೇ ವರ್ಷ ಅಲ್ವಾ! ಹೋಗಿ ಹೋಗಿ, ತಡ ಮಾಡಬಾರದು. ನಂಗೇನೂ ಆಗಿಲ್ಲ."

ಮೇಷ್ಟ್ರ ಜೇಬಿನಲ್ಲಿ ಫೋನ್ ಇತ್ತು. ಕೈ ಜೇಬಿನವರೆಗೂ ಹೋಯಿತು. ಪೊಲೀಸರು ಬಂದರೆ ಅಳತೆ, ವಿಚಾರಣೆ, ಹೇಳಿಕೆ ಎಂದು ಮಧ್ಯಾಹ್ನ ಕಳೆದುಹೋಗುತ್ತದೆ. ಬೀಗರಿಗೆ ಏನೆಂದು ಹೇಳುವುದು? ಮೀನು ತರುವಾಗ ಮುದುಕಿಗೆ ಗುದ್ದಿದೆ ಎಂದೇ? ಕೈ ಬರಿದೇ ಹಿಂದಕ್ಕೆ ಬಂತು. ಅಜ್ಜಿ ಗಾಡಿ ತಳ್ಳಿಕೊಂಡು ಹೊರಟಳು. ಬಲಗಾಲು ತುಸು ಎಳೆಯುತ್ತಿತ್ತು. ಮೇಷ್ಟ್ರು ಅದನ್ನು ಕಂಡರು, ಕಾಣದವರ ಹಾಗೆ ತಿರುಗಿದರು. ತಿರುಗಿ ಮಾಡಿದ ಮೊದಲ ಕೆಲಸವೆಂದರೆ ಹಿಂದಿನ ಬಾಗಿಲು ತೆರೆದು, ಪೆಟ್ಟಿಗೆಯ ಮುಚ್ಚಳ ಎತ್ತಿ, ಮೀನಿನ ಬಾಲ ನೋಡಿದ್ದು. ಬಾಲ ನೆಟ್ಟಗಿತ್ತು. ಸದ್ಯ ಎಂದು ಉಸಿರುಬಿಟ್ಟರು.

ಬೀಗರ ಮನೆಯಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ. ಬೀಗರು ಮೀನಿನ ಸುತ್ತ ಒಂದು ಸುತ್ತು ಬಂದು "ಏನು ಬಾಲ! ಏನು ಕಣ್ಣು!" ಎಂದು ಹೊಗಳಿದರು. ಚಿನಾತ್ಸು ಅಪ್ಪನ ಬಟ್ಟಲಿಗೆ ಬಿಸಿ ಅಕ್ಕಿಹೆಂಡ ಸಾಕೆಯನ್ನು ಸುರಿಯಲು ಬಂದಳು. ಗಾಡಿ ಓಡಿಸಬೇಕು ಎಂದು ಮೇಷ್ಟ್ರು ಬಟ್ಟಲಿಗೆ ಅಂಗೈ ಮುಚ್ಚಿದರು. "ನೋಡಿ, ನಮ್ಮ ಸೊಸೆಯ ಅಪ್ಪ ಎಷ್ಟು ನಿಯಮಸ್ಥರು" ಎಂದು ಬೀಗಿತ್ತಿ ಮೆಚ್ಚಿಕೊಂಡಳು. ಆ ಮಾತಿಗೆ ಮೇಷ್ಟ್ರ ಕಿವಿ ಬಿಸಿಯಾಯಿತು.

ಪದ್ಧತಿಯಂತೆ ಅರ್ಧ ಮೀನು ಮನೆಗೆ ತಿರುಗಿ ಬಂತು. ಮೀನು ಕೊಯ್ಯುವಾಗ ಸಾಚಿಯೆ ಹಾಡು ಗುನುಗುತ್ತಿದ್ದಳು. ಬಾಲದ ಕಡೆಯ ತುಂಡು ಉಪ್ಪು ಸವರಿಸಿಕೊಂಡು ತಟ್ಟೆಗೆ ಬಂದಾಗ ಮೇಷ್ಟ್ರಿಗೆ ಒಂದು ತುತ್ತೂ ಇಳಿಯಲಿಲ್ಲ.

"ಯಾಕ್ರೀ, ಬೀಗರ ಮನೇಲಿ ಅಷ್ಟೊಂದು ತಿಂದ್ರಾ?"

"ಹೂಂ" ಎಂದರು. ಮದುವೆಯಾದಾಗಿನಿಂದ ಹೆಂಡತಿಗೆ ಹೇಳಿದ ಸುಳ್ಳುಗಳಲ್ಲಿ ಅದು ಚಿಕ್ಕದು, ಆದರೆ ಹೇಳಿದ ಮೇಲೆ ಅವಳ ಮುಖ ನೋಡಲಾಗಲಿಲ್ಲ.

ಮುಂದಿನ ದಿನಗಳಲ್ಲಿ ಮೇಷ್ಟ್ರು ಮಾರುಕಟ್ಟೆಯ ಕಡೆ ತಲೆ ಹಾಕಲಿಲ್ಲ. ಸೈರನ್ ಕೇಳಿದರೆ ಎದ್ದು ಕಿಟಕಿಗೆ ಬರುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಪಾಡು. ಅಂತೂ ಸುದ್ದಿ ಅವರನ್ನು ಹುಡುಕಿಕೊಂಡು ಕ್ಷೌರದಂಗಡಿಗೇ ಬಂತು.

"ಫುಸಾಯೆ ಅಜ್ಜಿ ಹಾಸಿಗೆ ಹಿಡಿದ್ಲಂತಲ್ಲ ಮೇಷ್ಟ್ರೇ" ಎಂದ ಕ್ಷೌರದವನು, ಅವರ ಕುತ್ತಿಗೆಗೆ ಕತ್ತಿ ಇಟ್ಟುಕೊಂಡೇ. "ಮಳೇಲಿ ತಾನೇ ಜಾರಿ ಬಿದ್ದೆ ಅಂತಾಳೆ. ಸೊಂಟದ ಮೂಳೆ ಬಿರುಕು ಬಿಟ್ಟಿದೆಯಂತೆ. ಅದೇ ಕಾಲಲ್ಲಿ ಆವತ್ತು ಸಂಜೆವರೆಗೂ ಕೂತು ವ್ಯಾಪಾರ ಮಾಡಿ, ನಡ್ಕೊಂಡೇ ಮನೆಗೆ ಹೋಗಿದ್ದಾಳೆ. ಆಗಲೇ ಬಂದಿದ್ರೆ ಇಷ್ಟು ಆಗ್ತಿರ್ಲಿಲ್ಲ ಅಂದ್ರಂತೆ ಡಾಕ್ಟ್ರು. ಮಗ ಮಿನೋರು ರೇಗಿಬಿಟ್ಟು ಅವಳ ತಳ್ಳುಗಾಡಿ ಎತ್ತಿ ಕೊಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಾನೆ. ವಾಸಿಯಾದ್ರೂ ಇನ್ನು ಬೀದಿ ಮುಖ ನೋಡೋ ಹಾಗಿಲ್ವಂತೆ, ಪಾಪ."

ಕನ್ನಡಿಯಲ್ಲಿ ಕಂಡ ತಮ್ಮ ಮುಖವನ್ನು ನೋಡಲಾರದೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮೂಳೆ ಮುರಿದವರು ತಾವು. ಅವಳ ಮಾರುಕಟ್ಟೆಯ ಮೂಲೆ, ಅವಳ ಗಾಡಿ, ನಾಲ್ಕು ಜನರೊಂದಿಗಿನ ಹರಟೆ ಎಲ್ಲಕ್ಕೂ ಬೀಗ ಬಿದ್ದದ್ದು ತಮ್ಮಿಂದ. ಸುಳ್ಳು ಮಾತ್ರ ಅವಳು ಹೇಳಬೇಕಾಗಿ ಬಂತು.

ಮರುದಿನ ಅವಳ ಮನೆಗೆ ಹೋಗಲು ತೀರ್ಮಾನಿಸಿದರು. ತಪ್ಪೊಪ್ಪಿಕೊಳ್ಳಲು ಹೋಗುವವರು ಕಪ್ಪು ಸೂಟು ತೊಟ್ಟು ಸಿಹಿಯ ಡಬ್ಬಿ ಒಯ್ಯುತ್ತಾರೆ. ಕಾಯಿಲೆಯವರನ್ನು ಕಾಣಲು ಹೋಗುವವರು ಸಾದಾ ಬಟ್ಟೆಯಲ್ಲಿ ಹಣ್ಣು ಒಯ್ಯುತ್ತಾರೆ. ಈ ವ್ಯತ್ಯಾಸ ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಮೇಷ್ಟ್ರು ಅಂಗಡಿಯಲ್ಲಿ ಸಿಹಿಯ ಡಬ್ಬಿಗಳ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಸೇಬು ಕೊಂಡರು. ಸ್ವೆಟರ್ ಹಾಕಿಕೊಂಡು ಹೊರಟರು. ಹೇಡಿತನಕ್ಕೂ ಒಂದು ಉಡುಪು ಇರುತ್ತದೆ.

ಬಾಗಿಲು ತೆರೆದವಳು ಸೊಸೆ ಹಿಸಾಮಿ, ಅವರ ಹಳೆಯ ಶಿಷ್ಯೆ. "ಅಯ್ಯೋ ಮೇಷ್ಟ್ರೇ, ನಮ್ಮತ್ತೆನ ನೋಡೋಕೆ ಅಂತ ಬಂದ್ರಾ? ಎಷ್ಟು ದೊಡ್ಡ ಮನಸ್ಸು ನಿಮ್ದು!" ಎಂದು ನೆಲಕ್ಕೆ ಬಗ್ಗಿ ಸೇಬಿನ ಬುಟ್ಟಿ ತೆಗೆದುಕೊಂಡಳು. ನೆಲ ಬಿರಿದು ತಮ್ಮನ್ನು ನುಂಗಬಾರದೇ ಅನ್ನಿಸಿತು ಅವರಿಗೆ.

ಒಳಗೆ ಅಜ್ಜಿ ಹಾಸಿಗೆಯಲ್ಲಿ ಚಿಕ್ಕದಾಗಿ ಮಲಗಿದ್ದಳು. ಮಗ ಮಿನೋರು ಪಕ್ಕದಲ್ಲೇ ಕೂತಿದ್ದ. ಮೇಷ್ಟ್ರನ್ನು ಕಂಡದ್ದೇ ಅವಳು ಕಣ್ಣಲ್ಲೇ ಬೇಡ ಎಂದಳು. ಬಾಯಲ್ಲಿ ಅದೇ ಮಾತು. "ಪರವಾಗಿಲ್ಲ ಮೇಷ್ಟ್ರೇ. ಏನೂ ಇಲ್ಲ."

"ಏನೂ ಇಲ್ಲ ಅಂತೆ! ಕೇಳಿದ್ರಾ?" ಎಂದ ಮಿನೋರು. "ಈ ವಯಸ್ಸಲ್ಲಿ ಮಳೇಲಿ ಗಾಡಿ ತಳ್ಕೊಂಡು ಹೋಗಿ, ಕಾಲು ಜಾರಿ ಬಿದ್ದು, ಊರೆಲ್ಲ ನಗೋ ಹಾಗೆ ಮಾಡ್ಕೊಂಡ್ಲು. ಮೇಷ್ಟ್ರೇ, ರಸ್ತೆ ವಿಷ್ಯ ನಿಮಗಿಂತ ಬಲ್ಲೋರು ಯಾರಿದ್ದಾರೆ? ನನ್ನ ಮಾತು ಕೇಳಲ್ಲ. ನೀವೇ ಒಂದು ಮಾತು ಹೇಳಿ. ಕಾಲು ನೆಟ್ಟಗಿಲ್ಲದೋರು ಬೀದಿಗೆ ಬರಬಾರದು ಅಂತ."

ಮೇಷ್ಟ್ರು ಬಾಯಿ ತೆರೆದರು. ಹೂಂ ಎಂದರೆ ಸಾಕಿತ್ತು. ಸೇಬಿನ ಬುಟ್ಟಿ, ಹಿತವಚನ, ಚಹಾ, ಮನೆ. ಅಜ್ಜಿಯೂ ಹೂಂ ಅನ್ನಿ ಎಂಬಂತೆಯೇ ನೋಡುತ್ತಿದ್ದಳು. ಆದರೆ ಹೊದಿಕೆಯ ಅಂಚನ್ನು ಹಿಡಿದಿದ್ದ ಅವಳ ಬೆರಳುಗಳು ಗಾಡಿಯ ಹಿಡಿಕೆಯನ್ನು ಹಿಡಿದಂತೆ ಬಿಗಿದುಕೊಂಡಿದ್ದವು. ಆ ಬೆರಳುಗಳನ್ನು ನೋಡಿದ ಮೇಲೆ ಮೇಷ್ಟ್ರಿಗೆ ಸುಳ್ಳು ಹೊರಡಲಿಲ್ಲ. ಅವರು ಮಂಡಿಯೂರಿ ಹಣೆಯನ್ನು ಚಾಪೆಗೆ ಒತ್ತಿದರು.

"ಅವರು ಜಾರಲಿಲ್ಲ ಮಿನೋರು ಅವರೇ. ನಾನು ಗುದ್ದಿದೆ. ಕಾರಲ್ಲಿ. ಗುದ್ದಿ ಹೊರಟುಹೋದೆ."

ಅಡುಗೆಮನೆಯಲ್ಲಿ ಕೆಟಲ್ ಕುದಿಯುವ ಸದ್ದು ಕೇಳುತ್ತಿತ್ತು. ಹಣೆ ಎತ್ತದೆಯೇ ಮೇಷ್ಟ್ರು ಮುಂದುವರಿಸಿದರು. ಯಾರೂ ಕೇಳಿರಲಿಲ್ಲ, ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೂ ಹೇಳಿದರು. "ಅವರ ಕಾಲು ಎಳೀತಿದ್ದದ್ದು ನನಗೆ ಕಾಣಿಸ್ತು. ನಾನು ಅದನ್ನ ನೋಡಲಿಲ್ಲ. ಮೀನಿನ ಬಾಲ ಮುರೀತಾ ಅಂತ ನೋಡಿದೆ."

ಮಿನೋರು ತಾಯಿಯ ಕಡೆ ತಿರುಗಿದ. "ಯಾಕಮ್ಮ ಸುಳ್ಳು ಹೇಳ್ದೆ?"

"ಮಗಳ ಬೀಗರ ಮನೆಗೆ ಮೀನು ತಗೊಂಡು ಹೋಗ್ತಿದ್ರು ಕಣೋ! ಅಂಥಾ ದಿನ ಪೊಲೀಸು ಗಿಲೀಸು ಅಂತ ಕೂರಿಸಿಕೊಳ್ಳೋಕಾಗತ್ತಾ? ನಾನೂ ಹೆಣ್ಣು ಕೊಟ್ಟೋಳೇ" ಎಂದಳು ಅಜ್ಜಿ. ಆಮೇಲೆ ಮೇಷ್ಟ್ರ ಮೇಲೆ ಹರಿಹಾಯ್ದಳು. "ನೀವೂ ಒಬ್ರು! ಪರವಾಗಿಲ್ಲ ಅಂತ ಅಷ್ಟು ಸಲ ಹೇಳಿದ್ದೀನಿ!"

"ಅದಕ್ಕೇ ನಂಬಬಾರದಾಗಿತ್ತು" ಎಂದರು ಮೇಷ್ಟ್ರು ಚಾಪೆಗೆ.

ಹಿಸಾಮಿ ಅಡುಗೆಮನೆಯಿಂದ ಬಂದಳು. ಚಹಾ ತರಲಿಲ್ಲ. ಸೇಬಿನ ಬುಟ್ಟಿಯನ್ನು ಅವರ ಮುಂದಿಟ್ಟು, ಎರಡು ಕೈಯಿಂದ ಮೆಲ್ಲಗೆ ಅವರ ಕಡೆ ಸರಿಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಮೇಷ್ಟ್ರೇ, ಆ ಪಾಠ ಹೇಳೋವಾಗ ನಾನು ಮುಂದಿನ ಸಾಲಲ್ಲೇ ಕೂತಿದ್ದೆ" ಎಂದಳು ಅಷ್ಟೇ.

ಅಲ್ಲಿಂದ ಪೊಲೀಸ್ ಠಾಣೆಗೆ ಅವರು ನಡೆದೇ ಹೋದರು, ಕಾರು ಮುಟ್ಟಲು ಮನಸ್ಸಾಗಲಿಲ್ಲ. ಮೇಜಿನ ಹಿಂದೆ ಕೂತಿದ್ದ ಸೆಗಾವಾ ಕೂಡ ಅವರ ಶಿಷ್ಯನೇ. ಕಂಡದ್ದೇ ಎದ್ದು ಹಲ್ಲುಬಿಟ್ಟ. "ಏನ್ ಮೇಷ್ಟ್ರೇ, ಯಾರಾದ್ರೂ ಪರವಾಗಿಲ್ಲ ಅಂದ್ರಾ?"

"ಹೌದು. ನಾನು ನಂಬಿದೆ" ಎಂದರು.

ಸೆಗಾವಾನ ನಗು ಮುಖದ ಮೇಲೆ ಎಲ್ಲಿಡುವುದೆಂದು ತಿಳಿಯದೆ ಅಲ್ಲೇ ನಿಂತಿತು. ಪೂರ್ತಿ ಕೇಳಿದ ಮೇಲೆ ಕುರ್ಚಿ ಎಳೆದು ಕೊಟ್ಟು, ತಲೆ ತಗ್ಗಿಸಿಕೊಂಡೇ ಬರೆದುಕೊಂಡ. ಶಿಷ್ಯನಿಗೆ ತಮ್ಮ ಮುಖ ನೋಡಲು ಸಂಕೋಚವಾಗುತ್ತಿದೆ ಎಂದು ಮೇಷ್ಟ್ರಿಗೆ ಗೊತ್ತಾಯಿತು.

ಪತ್ರಿಕೆಯಲ್ಲಿ ಬರುವ ಮೊದಲೇ ಬೀಗರಿಗೆ ತಾವೇ ಫೋನ್ ಮಾಡಿ, ಗೋಡೆಗೆ ಬಗ್ಗಿ ಬಗ್ಗಿ ಹೇಳಿದರು. ಬೀಗರು ಕೇಳಿಸಿಕೊಂಡು "ಹೇಳಿದ್ದು ಒಳ್ಳೇದಾಯ್ತು" ಎಂದರು, ಮೀನಿನ ಮಾತು ಎತ್ತಲಿಲ್ಲ. ಚಿನಾತ್ಸು ಫೋನು ತೆಗೆದುಕೊಂಡು "ಆವತ್ತೇನಾಪ್ಪ? ನಿನ್ನ ಎಲ್ಲರೂ ಹೊಗಳಿದ್ರಲ್ಲ, ಆವತ್ತೇನಾ?" ಎಂದು ಅತ್ತಳು. ಸಾಚಿಯೆ ಅಳಲಿಲ್ಲ. ಉಳಿದಿದ್ದ ಮೀನನ್ನು ಫ್ರಿಜ್ಜಿನಿಂದ ತೆಗೆದು ಮಣ್ಣಲ್ಲಿ ಹೂತು ಬಂದು, "ನಂಗೆ ಮೊದಲು ಹೇಳಬಹುದಿತ್ತಲ್ರೀ" ಎಂದಳು. ಮರುದಿನ ಪತ್ರಿಕೆ ಬಂದಾಗ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಲಿಲ್ಲ. ಚಿಕ್ಕ ಸುದ್ದಿ. ಹೆಸರಿನ ಮುಂದೆ 'ಮಾಜಿ ಡ್ರೈವಿಂಗ್ ಶಿಕ್ಷಕ' ಎಂದಿತ್ತು.

ಲೈಸೆನ್ಸ್ ಹೋಯಿತು. ಹೆಂಡದಂಗಡಿಯಲ್ಲಿ ಅಣಕ ನಿಂತಿತು. ಅಣಕಿಸುತ್ತಿದ್ದರೇ ವಾಸಿಯಿತ್ತು. ಈಗ ಅವರು ಒಳಗೆ ಬಂದರೆ ಜನ ಮೀನಿನ ಬೆಲೆ ಮಾತಾಡತೊಡಗಿದರು. ಕಪ್ಪು ಸೂಟು ತೊಟ್ಟು ಸಿಹಿಯ ಡಬ್ಬಿ ಹಿಡಿದು ಫುಸಾಯೆ ಅಜ್ಜಿಯ ಮನೆಗೆ ಹೋದಾಗ ಮೊದಲ ಸಲ ಡಬ್ಬಿ ಹಿಂದಕ್ಕೆ ಬಂತು. ಮತ್ತೊಮ್ಮೆ ಹೋದಾಗ ಹಿಸಾಮಿ ಏನೂ ಹೇಳದೆ ಒಳಗೊಯ್ದಳು. ಕೊಟ್ಟಿಗೆಯ ಬೀಗ ತೆಗೆದಿದ್ದರು. ತಳ್ಳುಗಾಡಿ ಅಂಗಳದಲ್ಲಿ ತೊಳೆದು ನಿಂತಿತ್ತು.

ಚೆರ್ರಿ ಹೂವು ಉದುರುವ ಹೊತ್ತಿಗೆ ಅಜ್ಜಿ ಮತ್ತೆ ಬೀದಿಗೆ ಬಂದಳು. ಮೇಷ್ಟ್ರು ಕೈಚೀಲ ಹಿಡಿದು ನಡೆದು ಮಾರುಕಟ್ಟೆಯಿಂದ ಬರುತ್ತಿದ್ದರು. ಅದೇ ಸಂದಿಯಲ್ಲಿ ಇಬ್ಬರೂ ಎದುರುಬದುರಾದರು. ಮೇಷ್ಟ್ರು ಬಗ್ಗಿದರು. ಅಜ್ಜಿಗೆ ಬಗ್ಗಲಾಗಲಿಲ್ಲ, ಗಾಡಿಯ ಹಿಡಿಕೆ ಹಿಡಿದು ತಲೆಯನ್ನಷ್ಟೇ ತೂಗಿದಳು.

"ನಡೆದೇ ಓಡಾಡ್ತೀರಂತೆ ಮೇಷ್ಟ್ರೇ. ಹೇಗಿದ್ದೀರಿ?"

ಪರವಾಗಿಲ್ಲ ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂತು. ಅವರು ಅದನ್ನು ನುಂಗಿಕೊಂಡರು. "ಮಂಡಿ ನೋಯತ್ತೆ. ಜನ ನೋಡಿದ್ರೆ ನಾಚಿಕೆ ಆಗತ್ತೆ" ಎಂದರು. ನಂತರ ಅವಳ ಕಾಲನ್ನು ನೋಡಿದರು, ಆ ದಿನ ನೋಡಬೇಕಾಗಿದ್ದ ಹಾಗೆ. "ನಿಮಗೆ ಹೇಗಿದೆ ಅಜ್ಜಿ? ಇನ್ನೂ ನೋಯತ್ತಾ?"

ಅಜ್ಜಿ ಅಭ್ಯಾಸದಂತೆ ಪರವಾಗಿಲ್ಲದ 'ಪ'ಕ್ಕೆ ತುಟಿ ಕೂಡಿಸಿದಳು. ಮೇಷ್ಟ್ರು ಕಾದರು. ಹಿಂದಿನಿಂದ ಬಂದ ಮೀನಿನ ಗಾಡಿಯೊಂದಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಮತ್ತೂ ಕಾದರು.

"ನೋಯತ್ತೆ" ಎಂದಳು ಅಜ್ಜಿ. ಹೇಳಿದ್ದೇ ತಡ, ಅವಳ ಕಣ್ಣಲ್ಲಿ ನೀರು ಬಂತು. "ಆವತ್ತೂ ನೋಯ್ತಿತ್ತು ಮೇಷ್ಟ್ರೇ. ತುಂಬ ನೋಯ್ತಿತ್ತು."